ಅಡ್ಡಕಂಬಿಯ ಮೇಷ್ಟ್ರು ನಿಂತ ಜಾಗ

"ಗುರುಗಳೇ, ಬೇರೆ ಗುರುಗಳು ಶಿಷ್ಯನ ಕೈಹಿಡಿದು ಮುಂದೆ ನಡೆಯುತ್ತಾರೆ. ನಾನು ಕಷ್ಟಕ್ಕೆ ಸಿಕ್ಕಾಗಲೆಲ್ಲ ನೀವು ಕಣ್ಣಿಗೇ ಬೀಳುವುದಿಲ್ಲ. ಇದು ಯಾವ ರೀತಿ?" ಎಂದು ಶಿಷ್ಯನೊಬ್ಬ ಕೇಳಿದ.

ಗುರು ಒಂದು ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಒಬ್ಬ ಬಟ್ಟೆ ವ್ಯಾಪಾರಿ. ಅವನ ಮಗಳು ಜಿಮ್ನಾಸ್ಟಿಕ್ಸ್ ಕಲಿಯುತ್ತಿದ್ದಳು. ಅಲ್ಲಿ ಎರಡು ಅಡ್ಡಕಂಬಿಗಳು. ಒಂದು ತಗ್ಗಿನದು, ಅದರ ಮುಂದೆ ಇನ್ನೊಂದು ಎತ್ತರದ್ದು. ತಗ್ಗಿನದರ ಮೇಲೆ ಕಾಲೂರಿ, ಹಾರಿ, ಎತ್ತರದ್ದನ್ನು ಹಿಡಿಯಬೇಕು. ಮೇಷ್ಟ್ರು ಅವಸರದವರಲ್ಲ. ಗದ್ದವನ್ನು ಎದೆಗೆ ಒತ್ತಿ ಬೀಳುವುದನ್ನು ಮೊದಲು ಕಲಿಸಿದರು. ಆಮೇಲೆ ಕಂಬಿಗಳನ್ನು ತಗ್ಗಿಸಿ, ಹತ್ತಿರ ತಂದು, ಕೆಳಗೆ ಮೆತ್ತೆ ಹಾಸಿ ಹಾರಿಸಿದರು. ರೂಢಿಯಾದಂತೆ ಎತ್ತರಿಸುತ್ತ ಹೋದರು. ತಾವು ಮಾತ್ರ ಯಾವಾಗಲೂ ಒಂದೇ ಕಡೆ ನಿಲ್ಲುತ್ತಿದ್ದರು: ಕಂಬಿಗಳ ನಡುವೆ, ಓರೆಯಾಗಿ, ಮಗು ಹಾರಿದ ಕೂಡಲೇ ಅದರ ಬೆನ್ನ ಹಿಂದೆ ಆಗುವ ಜಾಗದಲ್ಲಿ.

ಕಂಬಿ ಪೂರ್ತಿ ಎತ್ತರಕ್ಕೆ ಏರಿದ ದಿನ ಹುಡುಗಿ ಹಾರಲಿಲ್ಲ. ಮೇಷ್ಟ್ರು ಎತ್ತರದ ಕಂಬಿಯ ಆಚೆ, ಎದುರಿಗೆ ನಿಂತು ಕೈಚಾಚಿದರೆ ಮಾತ್ರ ಹಾರುತ್ತೇನೆ ಎಂದು ಹಟ ಹಿಡಿದಳು. ನೋಡಲು ಬಂದಿದ್ದ ಅಪ್ಪನೂ ಅವಳ ಪರವೇ.

"ಮೇಷ್ಟ್ರೇ, ನನ್ನ ಅಂಗಡಿಯಲ್ಲಿ ಕೆಲಸದವನು ಗಿರಾಕಿಯ ಎದುರು ನಿಲ್ಲುತ್ತಾನೆ. ನೀವು ಗಿರಾಕಿಯ ಬೆನ್ನಿಗೆ ನಿಂತೇ ಸಂಬಳ ತಗೋತೀರಲ್ಲ?"

"ಸಾಹುಕಾರರೇ, ನಿಮ್ಮ ಗಿರಾಕಿ ಬೀಳೋದಿಲ್ಲ."

ವ್ಯಾಪಾರಿ ನಗಲಿಲ್ಲ. ಎದುರಿಗೆ ನಿಲ್ಲದಿದ್ದರೆ ಮಗಳನ್ನು ಮನೆಗೆ ಕರೆದೊಯ್ಯುವುದಾಗಿ ಹೇಳಿದ. ಮೇಷ್ಟ್ರು ವಾದಕ್ಕೆ ಇಳಿಯಲಿಲ್ಲ. ಕಂಬಿಗಳನ್ನು ಮೊದಲ ದಿನದಷ್ಟೇ ತಗ್ಗಿಸಿದರು, ಮೆತ್ತೆಯ ಮೇಲೆ ಮೆತ್ತೆ ಹಾಕಿದರು, ಎದುರಿಗೆ ಹೋಗಿ ನಿಂತರು.

ಹುಡುಗಿ ಮೇಷ್ಟ್ರ ಮುಖ ನೋಡುತ್ತ ಹಾರಿದಳು. ಕಂಬಿಯನ್ನು ನೋಡಲೇ ಇಲ್ಲ. ಬೆರಳುಗಳು ಕಂಬಿಯನ್ನು ಸವರಿದವು, ಹಿಡಿತ ಸಿಗಲಿಲ್ಲ. ಕಾಲು ಮುಂದಕ್ಕೆ ಹೋಯಿತು, ಮೈ ಹಿಂದಕ್ಕೆ ಬಂತು, ಬೆನ್ನು ಮೆತ್ತೆಗೆ ಬಡಿಯಿತು. ಪೆಟ್ಟಾಗಲಿಲ್ಲ. ಆದರೆ ಹೀಗೇ ಪೂರ್ತಿ ಎತ್ತರದಿಂದ ಬಿದ್ದಿದ್ದರೆ ಎಂದು ವ್ಯಾಪಾರಿ ಲೆಕ್ಕ ಹಾಕಿದ.

"ಎದುರಿಗೆ ನಿಂತವನು ಬೀಳೋದನ್ನ ಚೆನ್ನಾಗಿ ನೋಡಬಹುದು, ಸಾಹುಕಾರರೇ, ಅಷ್ಟೇ" ಎಂದರು ಮೇಷ್ಟ್ರು.

ಮರುದಿನ ಕಂಬಿ ಮತ್ತೆ ಮೇಲೇರಿತು. ಮೇಷ್ಟ್ರು ತಮ್ಮ ಹಳೆಯ ಜಾಗಕ್ಕೆ ಹೋದರು. ಹುಡುಗಿಯ ಎದುರು ಈಗ ಕಂಬಿಯ ಹೊರತು ನೋಡಲು ಏನೂ ಇರಲಿಲ್ಲ. ಅದನ್ನೇ ನೋಡಿ ಹಾರಿದಳು. ಹಿಡಿದಳು. ಮೈ ಮುಂದಕ್ಕೆ ತೂಗಿತು, ಒಂದು ಕೈ ಜಾರಿತು. ವ್ಯಾಪಾರಿ ಬೆಂಚಿನಿಂದ ಏಳುವಷ್ಟರಲ್ಲಿ ಅವಳ ಬೆನ್ನಿಗೆ ಒಂದು ಅಂಗೈ ಬಂದಾಗಿತ್ತು. ಅವಳು ಕಾಲ ಮೇಲೆ ಇಳಿದು ನಿಂತಿದ್ದಳು. ಹಿಂತಿರುಗಿಯೂ ನೋಡದೆ, ಹಿಡಿತ ಜಾರದಂತೆ ಅಂಗೈಗೆ ಬಿಳಿ ಪುಡಿ ಉಜ್ಜಿಕೊಂಡು, ಇನ್ನೊಮ್ಮೆ ಹಾರಲು ಹೊರಟಳು.

ವ್ಯಾಪಾರಿ ಉಸಿರುಬಿಟ್ಟು ಕೂತ. ಸಂಬಳದ ಮಾತು ಮತ್ತೆ ಎತ್ತಲಿಲ್ಲ.

ಗುರು ಕತೆ ನಿಲ್ಲಿಸಿದರು. ಶಿಷ್ಯ, "ಹಾಗಾದರೆ ಇಷ್ಟು ದಿನ ನೀವು ನನ್ನ ಹಿಂದೆಯೇ ಇದ್ದಿರಾ?" ಎಂದ.

"ನಿನ್ನ ಬೆನ್ನು ಒಮ್ಮೆಯಾದರೂ ನೆಲಕ್ಕೆ ಬಡಿದಿದೆಯೇ?" ಎಂದರು ಗುರು.