ಬದನೆ ಎಲೆಯ ಚುಕ್ಕಿ

ಕೃಷ್ಣಾ ನದಿಯ ದಂಡೆಯ ಮೇಲೆ ಒಂದು ಪುಟ್ಟ ಸಂಶೋಧನಾ ತೋಟ. ಅಲ್ಲಿ ನೀಲಾಂಬಿಕಾ ಎಂಬ ಸಸ್ಯವಿಜ್ಞಾನಿ ಇದ್ದರು. ಶಿಷ್ಯರಿಗೂ ಊರವರಿಗೂ ಅವರು ಬರೀ ಅಕ್ಕೋರು.

ಗಿಡಗಳು ರೋಗವನ್ನು ಹೇಗೆ ತಡೆಯುತ್ತವೆ ಎಂದು ತಿಳಿಯುವುದೇ ಅವರ ಜೀವಮಾನದ ಕೆಲಸ.

"ಗಿಡಕ್ಕ ಓಡಿಹೋಗಾಕ ಕಾಲಿಲ್ಲ. ಅದಕ್ಕ ಅದು ನಿಂತಲ್ಲೇ ಜಾಣ ಆಗೇತಿ," ಎಂದು ನಗುತ್ತಿದ್ದರು.

ಅವರ ಬಳಿ ಇಂದುಧರನೆಂಬ ಶಿಷ್ಯ ಬಂದು ಸೇರಿದ. ಹಟಮಾರಿ. ಊಟ ಮರೆತರೂ ಗಿಡ ಮರೆಯುವವನಲ್ಲ.

ವರ್ಷದಿಂದ ವರ್ಷಕ್ಕೆ ಬಿಸಿಲು ಏರುತ್ತಿತ್ತು. ಸೆಕೆ ಮಿತಿಮೀರಿದಾಗ ಬದನೆಗಿಡದೊಳಗಿನ ಕಾವಲು ತೂಕಡಿಸುತ್ತದೆ. ಆ ಹೊತ್ತು ನೋಡಿಕೊಂಡೇ ರೋಗ ನುಗ್ಗುತ್ತದೆ. ಹೊಳೆಯಾಚೆ ಬದನೆ ಬೆಳೆಯುವ ಹೆಂಗಸರ ತೋಟಗಳು ಹೋದ ಬೇಸಿಗೆಯಲ್ಲಿ ಹಾಗೆಯೇ ಕಪ್ಪಾಗಿ ಬಾಗಿದ್ದವು.

"ಎಂಥಾ ಸೆಕೆಯೊಳಗೂ ತೂಕಡಿಸದ ಗಿಡ ಮಾಡತೀನ್ರಿ, ಅಕ್ಕೋರ," ಎಂದ ಇಂದುಧರ.

"ಮಾಡು," ಎಂದರು ಅಕ್ಕೋರು.

ಕಲ್ಲುಸಂದಿಯಲ್ಲಿ ಬೆಳೆದ ಕಾಡುಬದನೆಯ ಪರಾಗವನ್ನು ತಂದು ಊರಬದನೆಯ ಹೂವಿಗೆ ಮುಟ್ಟಿಸಿದ. ಹುಟ್ಟಿದ ಗಿಡಗಳ ಮಕ್ಕಳಲ್ಲಿ ಹುಡುಕಿದ, ಮೊಮ್ಮಕ್ಕಳಲ್ಲಿ ಹುಡುಕಿದ. ಗಾಜಿನ ಮನೆಯ ಉರಿಯಲ್ಲಿ ಅವನ್ನು ನಿಲ್ಲಿಸಿ, ಬೇಕೆಂದೇ ರೋಗ ಹಚ್ಚಿದ. ಬಾಡಿದವನ್ನು ಬಿಟ್ಟ. ಚುಕ್ಕಿ ಬಿದ್ದವನ್ನೂ ಬದಿಗೆ ಸರಿಸಿದ.

ಕೊನೆಗೆ ಕೆಲವು ಗಿಡಗಳು ಉಳಿದವು. ಅವುಗಳ ಎಲೆಯ ಮೇಲೆ ಒಂದು ಕಲೆಯೂ ಇರಲಿಲ್ಲ.

ಇಂದುಧರ ಓಡುತ್ತ ಬಂದ.

"ಅಕ್ಕೋರ, ಸಿಕ್ತು! ಯಾವ ರೋಗಾನೂ ಹತ್ರ ಸುಳೀವಲ್ದು. ಹಗಲೂ ರಾತ್ರಿ ಕಾವಲ ಎಚ್ಚರ ಇರತೈತ್ರಿ."

ಅಕ್ಕೋರು ಬಂದು ಗಿಡಗಳ ಮುಂದೆ ಕುಕ್ಕರಗಾಲಲ್ಲಿ ಕೂತರು. ಗಿಡಗಳು ಗೇಣುದ್ದಕ್ಕೇ ನಿಂತುಬಿಟ್ಟಿದ್ದವು. ಎಲೆಗಳು ಮುದುಡಿ ಗಟ್ಟಿಯಾಗಿದ್ದವು.

"ಹೂ ಬಿಟ್ಟಾವೇನು?"

"ಇನ್ನೂ ಇಲ್ರೀ."

"ಬಿಡತಾವೇನು?"

ಇಂದುಧರ ಪಕ್ಕದ ಸಾಲಿನತ್ತ ನೋಡಿದ. ಜೊತೆಯ ಗಿಡಗಳು ಹೂ ಬಿಟ್ಟು ಎಷ್ಟೋ ಕಾಲವಾಗಿತ್ತು.

"ನಾಳೆ ಮಧ್ಯಾಹ್ನ ಊಟಕ್ಕ ಬಾ. ಶೇಂಗಾ ಹೋಳಿಗೆ ಮಾಡತೀನಿ," ಎಂದು ಅಕ್ಕೋರು ಎದ್ದರು.

ಮರುದಿನ ಬೇವಿನ ಮರದ ಕೆಳಗೆ ಎಲೆ ಹಾಕಿದ್ದರು. ಹೋಳಿಗೆ, ತುಪ್ಪ, ಬಿಸಿ ರೊಟ್ಟಿ, ಕೆನೆಮೊಸರು. ಇಂದುಧರ ಕೂತದ್ದೇ ಅಕ್ಕೋರು ಅವನ ಕೈಗೆ ಒಂದು ಕೋಲು ಕೊಟ್ಟರು.

"ನೋಡು ತಮ್ಮಾ, ಒಂದೇ ಷರತ್ತು. ನಿನ್ನ ಎಲೀಗೆ ನೊಣ ಕೂಡಬಾರದು, ಇರುವಿ ಹತ್ತಬಾರದು, ಕಾಗಿ ನೆರಳೂ ಬೀಳಬಾರದು. ಎಲ್ಲಾನೂ ಓಡಿಸಿ, ಆಮ್ಯಾಲೆ ಉಣ್ಣು."

ಇಂದುಧರ ಕೋಲೆತ್ತಿದ. ಕಾಗೆ ಹಾರಿತು. ಅದು ಹಾರಿದೊಡನೆ ಅಳಿಲು ಇಳಿಯಿತು. ಅಳಿಲಿನ ಹಿಂದೆ ಓಡಿದರೆ ನೊಣ ಬಂತು. ನೊಣಕ್ಕೆ ಕೋಲು ಬೀಸಿದರೆ ಇರುವೆ ಸಾಲುಗಟ್ಟಿತು. ಅವನು ಮರ ಸುತ್ತಿದ, ಕೂಗಿದ, ಕುಣಿದ. ಕೆಲಸದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ಅಕ್ಕೋರು ಎದುರಿಗೆ ಕೂತು ಆರಾಮವಾಗಿ ಉಂಡರು. ಆಗೊಮ್ಮೆ ಈಗೊಮ್ಮೆ, ಕಾಗೆ ತೀರ ಹತ್ತಿರ ಬಂದಾಗ ಮಾತ್ರ, ಎಡಗೈ ಎತ್ತಿ "ಹುಶ್" ಎಂದರು.

ಹೊಳೆಗೆ ಕೈತೊಳೆಯಲು ಹೋಗುತ್ತ ಕೇಳಿದರು: "ಹೆಂಗಿತ್ತು ಹೋಳಿಗಿ?"

"ತುತ್ತೂ ಬಾಯಿಗೆ ಹೋಗಿಲ್ರೀ," ಎಂದ ಇಂದುಧರ ಬೆವರೊರೆಸಿಕೊಳ್ಳುತ್ತ.

ಮಾತು ಬಾಯಿಂದ ಹೊರಬಿದ್ದ ಮೇಲೆ ಅದು ಅವನ ಕಿವಿಗೇ ಕೇಳಿಸಿತು. ಕೋಲನ್ನು ನೋಡಿದ. ಗಾಜಿನ ಮನೆಯಲ್ಲಿ ಹಗಲೂ ರಾತ್ರಿ ಕಾವಲಿದ್ದೇ ಕುಗ್ಗಿದ ಗಿಡಗಳತ್ತ ನೋಡಿದ.

"ಅಯ್ಯೋ," ಎಂದ. ಆಮೇಲೆ ನಕ್ಕ. ನಗುತ್ತಲೇ ಕೂತು ಹೋಳಿಗೆ ತಿಂದ. ಇರುವೆ ಹತ್ತಿದ್ದನ್ನು ಕೊಡವಿಕೊಂಡು ತಿಂದ.

ಆ ಮೇಲೆ ಇಂದುಧರ ತಾನು ಬದಿಗೆ ಸರಿಸಿದ್ದ ಗಿಡಗಳ ಬಳಿಗೆ ಮರಳಿದ. ಅವುಗಳಲ್ಲಿ ಕೆಲವು ಸಮಾಧಾನವಾಗಿ ಬೆಳೆಯುತ್ತಿದ್ದವು. ರೋಗ ಮೈ ಮುಟ್ಟಿದಾಗ ಮಾತ್ರ, ಆ ಸೆಕೆಯಲ್ಲೂ, ಎಚ್ಚರಗೊಳ್ಳುತ್ತಿದ್ದವು. ಅವುಗಳ ಬೀಜ ಹಿಡಿದ. ಬೇಸಿಗೆಗೆ ಅದರ ಸಸಿಗಳನ್ನು ಗಾಜಿನ ಮನೆಯಿಂದ ಹೊರತಂದು ಬಯಲಿನಲ್ಲಿ ನೆಟ್ಟ.

ಗಿಡಗಳು ಎದೆಮಟ್ಟ ಬೆಳೆದವು. ನೇರಳೆ ಹೂ ತುಂಬಿತು. ಇಂದುಧರ ಸಾಲುಗಳ ನಡುವೆ ಹಾಡುತ್ತ ನಡೆದ.

ಆಮೇಲೆ ಬಿಸಿಗಾಳಿ ಬೀಸಿತು. ಹೊಳೆಯ ಮರಳು ಕಾಲು ಸುಟ್ಟಿತು. ಆ ವಾರವೇ ಒಂದು ಮುಂಜಾನೆ ನೋಡಿದರೆ ಎಲೆಗಳ ತುಂಬ ಕಂದು ಚುಕ್ಕಿ.

ಗಾಜಿನ ಮನೆಯಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕಿಯನ್ನಷ್ಟೇ ಕಂಡಿದ್ದ ಇಂದುಧರನಿಗೆ ಇದು ರೋಗ ಗೆದ್ದಂತೆಯೇ ಕಂಡಿತು. ಪಕ್ಕದ ಮಡಿಗಳಲ್ಲಿ ಬೀಜಕ್ಕೆಂದು ಬಿಟ್ಟ ಊರಬದನೆ ನಿಂತಿತ್ತು. ರೋಗ ಅಲ್ಲಿಗೆ ದಾಟಿದರೆ ಬಿತ್ತಲು ಬೀಜವೇ ಇರುವುದಿಲ್ಲ. ರೋಗ ಬಿದ್ದ ಗಿಡವನ್ನು ಕಿತ್ತು ಸುಡಬೇಕೆಂಬುದು ತೋಟದ ನಿಯಮ.

ಅವನು ಕೀಳತೊಡಗಿದ. ಕಿತ್ತ, ರಾಶಿ ಹಾಕಿದ, ಮತ್ತೆ ಕಿತ್ತ. ಕಣ್ಣೀರು ಕೆನ್ನೆಯ ಮಣ್ಣಿನ ಮೇಲೆ ಗೆರೆ ಎಳೆಯಿತು.

ಅಕ್ಕೋರು ಕೊಡೆ ಹಿಡಿದು ಬಂದಾಗ ಅರ್ಧ ತೋಟ ಬರಿದಾಗಿತ್ತು.

"ಸೋತ್ನಿರೀ, ಅಕ್ಕೋರ. ರೋಗ ಒಳಗ ಹೊಕ್ಕೈತಿ."

ಅಕ್ಕೋರು ಒಂದು ಎಲೆಯನ್ನು ಬಿಸಿಲಿಗೆ ಹಿಡಿದು ನೋಡಿದರು. ಬಹಳ ಹೊತ್ತು ನೋಡಿದರು.

"ಪೆನ್ ಕೊಡು."

ಕೊಟ್ಟ. ಅವರು ಕೀಳದೆ ಉಳಿದ ಗಿಡವೊಂದರ ಎಲೆಯ ಮೇಲೆ, ಚುಕ್ಕಿಯ ಅಂಚಿಗೇ ಸರಿಯಾಗಿ, ಸುತ್ತ ಗೆರೆ ಎಳೆದರು. ಇನ್ನೊಂದು ಚುಕ್ಕಿಗೂ ಎಳೆದರು. ಪೆನ್ನನ್ನು ಅವನ ಕೈಗೆ ಮರಳಿಸಿದರು.

"ಉಳಿದದ್ದಕ್ಕ ನೀ ಎಳಿ. ಚುಕ್ಕಿ ಈ ಗೆರಿ ದಾಟಿದ್ರ ನಾನೇ ಕಡ್ಡಿ ಗೀರತೀನಿ."

"ಪಕ್ಕದಾಗ ಬೀಜದ ಮಡಿ ಐತ್ರಿ! ತಪ್ಪಿದ್ರ?"

"ತಪ್ಪಿದ್ರ ತಪ್ಪು ನಂದು. ಎಳಿ."

"ಮತ್ತ ನಾ ಕಿತ್ತವು?"

"ಕಿತ್ತದ್ದಕ್ಕ ಆಮ್ಯಾಲೆ ಅಳು, ತಮ್ಮಾ. ಉಳದದ್ದಕ್ಕ ಈಗ ನೀರು ಹಾಕು."

ಇಂದುಧರ ಗೆರೆ ಎಳೆದ, ನೀರು ಹಾಕಿದ, ಕಾದ. ಬಿಸಿಗಾಳಿ ಬೀಸುತ್ತಲೇ ಇತ್ತು. ದಿನಾ ಬೆಳಗಾದರೆ ತೋಟಕ್ಕೆ ಹೋಗಲು ಹೆದರಿಕೆ, ಹೋಗದಿರಲು ಇನ್ನೂ ಹೆದರಿಕೆ. ಅಕ್ಕೋರೂ ಬರುತ್ತಿದ್ದರು. ಬಗ್ಗಿ ಒಂದೊಂದು ಗೆರೆಯನ್ನೂ ನೋಡುತ್ತಿದ್ದರು. ಅವರಿಗೂ ನಿದ್ದೆ ಇಲ್ಲವೆಂದು ಕಣ್ಣೇ ಹೇಳುತ್ತಿತ್ತು.

ಚುಕ್ಕಿ ಗೆರೆ ದಾಟಲಿಲ್ಲ.

ವಾರ ಕಳೆದರೂ ದಾಟಲಿಲ್ಲ. ಚುಕ್ಕಿ ಒಣಗಿ ಕಾಗದದಂತಾಯಿತು. ಗೆರೆಯ ಆಚೆ ಎಲೆ ಹಚ್ಚಹಸಿರು.

ಇಂದುಧರ ಆ ಎಲೆಯ ಚೂರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟ. ನಡುವೆ ರೋಗಾಣು ಉಣ್ಣಲು ಏನೂ ಸಿಗದೆ ಸತ್ತಿತ್ತು. ಅದರ ಸುತ್ತಲಿನ ಜೀವಕೋಶಗಳು ತಾವಾಗಿಯೇ ಸತ್ತು ಅದನ್ನು ಮುತ್ತಿದ್ದವು.

"ಅಕ್ಕೋರ!" ಎಂದು ಕೂಗಿದ. "ಇದು ರೋಗ ಗೆದ್ದ ಗುರುತಲ್ರೀ! ರೋಗ ನಿಂತ ಗುರುತು!"

"ಹೌದೇನು?" ಎಂದರು ಅಕ್ಕೋರು, ಏನೂ ಅರಿಯದವರಂತೆ. ಆದರೆ ಅವರ ಕೈ ಸೆರಗಿನ ತುದಿಯಿಂದ ಕಣ್ಣು ಒರೆಸುತ್ತಿತ್ತು.

"ನಾ ಕಲೆ ಇಲ್ಲದ ಎಲೀನ ಹುಡುಕಿದ್ನಲ್ರೀ ಇಷ್ಟು ದಿನ."

"ಕಲೆ ಇಲ್ಲದ ಎಲಿ ಅಂಗಡಿಯೊಳಗ ಸಿಗತೈತಿ. ಪ್ಲಾಸ್ಟಿಕ್ಕಿಂದು."

ಉಳಿದ ಸಾಲುಗಳು ಕಾಯಿ ಕಟ್ಟಿದವು. ಹೊಳಪಿನ ಮುಳ್ಳುಬದನೆ, ಒಂದೊಂದು ಗಿಡವೂ ಬಾಗುವಷ್ಟು.

ಸುದ್ದಿ ಹೊಳೆ ದಾಟಿತು. ಆಚೆ ದಂಡೆಯ ಹೆಂಗಸರು ತೆಪ್ಪ ತುಂಬಿಕೊಂಡು ಬಂದರು. ಮುಂದೆ ಇದ್ದವಳು ಗುರುಬಸವ್ವ, ಬದನೆ ಬೆಳೆದು ಬೆಳೆದು ಬೆರಳೆಲ್ಲ ಮುಳ್ಳಿಗೆ ಒಗ್ಗಿದವಳು. ಎಲೆ ತಿರುಗಿಸಿ ನೋಡಿ ಹುಬ್ಬೇರಿಸಿದಳು.

"ಚುಕ್ಕಿ ಅದಾವಲ್ಲೋ ಯಪ್ಪಾ!"

"ಅದಾವಬೇ! ಬರ್ರಿ, ತೋರಸತೀನಿ!" ಎಂದು ಇಂದುಧರ ಅವರನ್ನು ಸಾಲಿಂದ ಸಾಲಿಗೆ ಎಳೆದುಕೊಂಡು ಹೋದ. ಒಂದೊಂದು ಚುಕ್ಕಿಯನ್ನೂ ಮಗುವಿನ ಹಾಲುಹಲ್ಲು ತೋರಿಸುವ ಹಾಗೆ ತೋರಿಸಿದ. ಹೆಂಗಸರಿಗೆ ಅರ್ಥವಾಯಿತು. ಆಮೇಲೆ ಅವನ ಸಂಭ್ರಮ ನೋಡಿಯೇ ಇನ್ನಷ್ಟು ನಕ್ಕರು.

ಅಂದು ಅಲ್ಲೇ ಒಲೆ ಹೂಡಿದರು. ಗುರುಬಸವ್ವ ಹೊಸ ಬದನೆಯನ್ನು ಸೀಳಿ, ಶೇಂಗಾ, ಗುರೆಳ್ಳು ತುಂಬಿ ಎಣಗಾಯಿ ಮಾಡಿದಳು. ಘಮ ಹೊಳೆಯಾಚೆಗೂ ಹೋಗಿರಬೇಕು. ಎಲ್ಲರೂ ರೊಟ್ಟಿ ಮುರಿದುಕೊಂಡು ಉಂಡರು. ಹೋಗುವಾಗ ಒಬ್ಬೊಬ್ಬರ ಸೆರಗಿನಲ್ಲೂ ಬೀಜಕ್ಕೆಂದು ಬಲಿತ ಕಾಯಿ.

ತೆಪ್ಪ ನಡುಹೊಳೆ ಮುಟ್ಟುವವರೆಗೂ ಇಂದುಧರ ಕೈಬೀಸಿದ. ಆಮೇಲೆ ಅವನ ಕೈ ನಿಧಾನವಾಯಿತು.

"ಅಕ್ಕೋರ, ಬರೋ ವರ್ಷ ಬಿಸಲು ಇನ್ನೂ ಏರತೈತಿ. ರೋಗಾನೂ ಹೊಸ ದಾರಿ ಹುಡುಕತೈತಿ. ಈ ಗಿಡ ಎಷ್ಟು ಬ್ಯಾಸಗಿ ತಡದೀತ್ರಿ?"

ಅಕ್ಕೋರು ಬೆರಳಿಗಂಟಿದ ಎಣಗಾಯಿಯನ್ನು ನೆಕ್ಕಿ ಮುಗಿಸಿದರು.

"ಅದು ಇವತ್ತ ಗೊತ್ತಾಗಿಬಿಟ್ರ, ನಾಳೆ ಮುಂಜಾನೆ ತೋಟಕ್ಕ ಓಡೋ ಖುಷಿ ಎಲ್ಲಿಂದ ತರೋಣೋ, ತಮ್ಮಾ?"