ಕಂಪನಿ ಕೊಟ್ಟ ದೂರು

ನಮ್ಮೂರ ಹಾಲಿನ ಡೇರಿ ಗುಮಾಸ್ತನ ಮುಂದೆ ಯಾವ ಕಂಪನಿಯ ಜಂಬವೂ ನಡೆಯಲ್ಲ. ಅವನೂ ನಾವು ಹುಡುಗರೂ ಸೇರಿ ಫೋನಿನಲ್ಲಿ ಕನ್ನಡ ಟೈಪ್ ಮಾಡುವ ಕೀಲಿಮಣೆ ಮಾಡಿದ್ವಿ. ಯಾರು ಬೇಕಾದರೂ ಪುಕ್ಕಟೆ ಬಳಸಿ, ಮಾಡಿದವರ ಹೆಸರು ಮಾತ್ರ ಉಳಿಸಿ ಅಂದಿದ್ವಿ. ಒಂದು ಭಾರೀ ಕಂಪನಿ ಅದನ್ನು ಎತ್ತಿಕೊಂಡು, ನಮ್ಮ ಹೆಸರು ಅಳಿಸಿ, "ನಮ್ಮ ಎಂಜಿನಿಯರುಗಳ ಸ್ವಂತ ಸೃಷ್ಟಿ" ಅಂತ ಟೀವಿಯಲ್ಲಿ ಮೆರೆಯಿತು. ನಾಚಿಕೆಗೆಟ್ಟವರು!

ಅವರ ಹೊಸ ಫೋನು ಬಿಡುಗಡೆಯಾಗುವ ಹಿಂದಿನ ದಿನ, ಅದರಲ್ಲಿ ಕನ್ನಡ ಟೈಪ್ ಮಾಡಿದರೆ ಒತ್ತಕ್ಷರಗಳೆಲ್ಲ ಉದುರತೊಡಗಿದವು. ಆ ಸ್ವಂತ ಎಂಜಿನಿಯರುಗಳು ಕಣ್ಣು ಕಣ್ಣು ಬಿಟ್ಟರು. ಕಂಪನಿಯ ಮ್ಯಾನೇಜರ್ ಶ್ರೀವತ್ಸ ಡೇರಿಗೇ ಫೋನ್ ಮಾಡಿದ.

"ಏನ್ರೀ, ಬರೆದವರು ನೀವು. ಸಂಜೆಯೊಳಗೆ ರಿಪೇರಿ ಆಗಬೇಕು!"

"ಆಗ್ಲಿ ಸಾರ್," ಅಂದ ಗುಮಾಸ್ತ. "ಆದ್ರೆ ನಾವು ಫೋನಲ್ಲಿ ದೂರು ತಗೊಳ್ಳಲ್ಲ. ನಮ್ಮ ವೆಬ್‌ಸೈಟಲ್ಲಿ ಎಲ್ಲರೂ ಓದೋ ಹಾಗೆ ಬರೀಬೇಕು. ಯಾವ ಕಂಪನಿ, ಯಾರು ಮಾಡಿದ ಕೀಲಿಮಣೆ, ಏನು ಕೆಟ್ಟಿದೆ, ಎಲ್ಲಾನೂ. ನಮ್ಮೂರ ಹುಡುಗರಿಗೂ ಅದೇ ರೂಲು."

"ನಾನ್ಯಾರು ಗೊತ್ತೇನ್ರೀ?"

"ಅದನ್ನೂ ಅಲ್ಲೇ ಬರೀರಿ."

ಶ್ರೀವತ್ಸನಿಗೆ ಬೇರೆ ದಾರಿ ಇರಲಿಲ್ಲ. ನಮ್ಮ ಹೆಸರುಗಳನ್ನೆಲ್ಲ ಹಾಕಿ, "ನೀವು ಮಾಡಿದ ಕೀಲಿಮಣೆಯನ್ನೇ ನಾವು ಬಳಸುತ್ತಿದ್ದೇವೆ, ದಯವಿಟ್ಟು ಸರಿಪಡಿಸಿ" ಅಂತ ತನ್ನ ಕೈಯಾರೆ ಬರೆದ. ಗುಮಾಸ್ತ ಹಾಲು ಅಳೆದು ಮುಗಿಸಿ, ಆರಾಮಾಗಿ ಕೂತು ಸರಿಮಾಡಿಕೊಟ್ಟ. ಅಷ್ಟರಲ್ಲಿ ಆ ದೂರು ನಾಡಿನ ಫೋನುಗಳನ್ನೆಲ್ಲ ಸುತ್ತಿ ಬಂದಿತ್ತು. ಜನ ಬಿದ್ದು ಬಿದ್ದು ನಕ್ಕರು. ಜಾಹೀರಾತು ನಿಂತಿತು, ನಮ್ಮ ಹೆಸರುಗಳು ವಾಪಸ್ ಬಂದವು.

ಶ್ರೀವತ್ಸ ಮತ್ತೆ ಫೋನ್ ಮಾಡಿದ. ದನಿ ಈಗ ಬೆಣ್ಣೆ. "ಅಣ್ಣಾ, ಕೆಲಸ ಆಯ್ತಲ್ಲ, ಆ ದೂರು ತೆಗೆದುಬಿಡಣ್ಣ. ಮಾನ ಹೋಗ್ತಿದೆ."

"ಇದೂ ದೂರೇ ಅಲ್ವಾ ಸಾರ್?" ಅಂದ ಗುಮಾಸ್ತ. "ಅಲ್ಲೇ ಬರೀರಿ, ಎಲ್ಲರೂ ಓದ್ಲಿ."