ಕರೆಯಿಲ್ಲದ ಕೈ

ಹೊಳೆದಂಡೆಯ ಆಶ್ರಮದಲ್ಲಿ ಮುದ್ದಪ್ಪಯ್ಯ ಎಂಬ ಗುರುಗಳು ಬಿಲ್ಲುವಿದ್ಯೆ ಕಲಿಸುತ್ತಿದ್ದರು. ಕಣ್ಣು ಮಂಜಾಗಿತ್ತು. ಈ ವರ್ಷ ತಮ್ಮ ಬಿಲ್ಲನ್ನು ಯಾರಾದರೊಬ್ಬ ಶಿಷ್ಯನಿಗೆ ಕೊಟ್ಟು ಕೂತುಬಿಡುತ್ತಾರೆ ಅಂತ ಎಲ್ಲರಿಗೂ ಗೊತ್ತಿತ್ತು.

ದ್ಯಾವಣ್ಣನಿಗಂತೂ ಅದು ತನಗೇ ಅಂತ ಗೊತ್ತಿತ್ತು. ಊರಲ್ಲಿ ಅವನ ತಾಯಿ ಆಗಲೇ ಆರತಿ ತಟ್ಟೆ ಬೆಳಗಿಟ್ಟುಕೊಂಡಿದ್ದಳಂತೆ.

ಆಶ್ರಮದಲ್ಲಿ ತಿಂಗಳಿಗೊಂದು ಪಂದ್ಯ. ದ್ವೇಷವಿಲ್ಲ, ಬರೀ ಗೆಳೆತನದ್ದು. ದೂರದಲ್ಲಿ ಹಸಿ ಬಾಳೆಕಂಬ ನೆಟ್ಟು ಸುಣ್ಣದ ಬೊಟ್ಟು ಇಡುತ್ತಿದ್ದರು. ಎದುರುಬದುರು ಇಬ್ಬರು, ಒಬ್ಬೊಬ್ಬರಿಗೆ ಒಂದೇ ಬಾಣ; ಬೊಟ್ಟಿಗೆ ಹತ್ತಿರ ನಾಟಿದವನು ಗೆದ್ದ. ಸೋತವನು ಹೋಗಿ ಎರಡನ್ನೂ ಕಿತ್ತು ತರಬೇಕು. ಗೆದ್ದವನು ಗೆರೆ ದಾಟುವ ಹಾಗಿಲ್ಲ.

ಬಾಳೆಯ ರಸ ಕೈಗೆ ಹತ್ತಿದರೆ ಕಪ್ಪಗೆ ಕರೆ ಕಟ್ಟುತ್ತದೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಎಲ್ಲರ ಕೈಯೂ ಕಪ್ಪು. ದ್ಯಾವಣ್ಣನದು ಮಾತ್ರ ಬೆಳ್ಳಗೆ. ಹನ್ನೆರಡು ಪಂದ್ಯ ಆಡಿ ಹನ್ನೆರಡೂ ಗೆದ್ದಿದ್ದ. ನೀರಿಗೆ ಬಂದ ಹೆಂಗಸರ ಎದುರು, ಕೊಳೆಯೇ ಇಲ್ಲದ ಆ ಕೈಯನ್ನು ಮತ್ತೆ ಮತ್ತೆ ತೊಳೆಯುತ್ತಿದ್ದ.

"ಚೌಡ, ನಿನ್ನ ಕೈ ರೊಟ್ಟಿ ಹಂಚಿನ ತಳದ ಹಾಗಿದೆಯಲ್ಲೋ," ಅಂತ ಪಂದ್ಯದಲ್ಲಿ ತನ್ನೆದುರು ಆಡುವವನನ್ನು ಚುಚ್ಚುತ್ತಿದ್ದ.

"ಇರಲಿ ಬಿಡಣ್ಣ. ಹತ್ತಿರ ಹೋದರೆ ಬಾಣ ಎಲ್ಲಿ ತಪ್ಪಿತು ಅಂತ ಕಾಣ್ತದೆ. ನಿನ್ನದೂ ಯಾವಾಗಲೂ ಅರ್ಧ ಬೆರಳು ಎಡಕ್ಕೇ ಇರ್ತದೆ."

"ಅದು ನಿನ್ನ ಕಣ್ಣಿನ ಓರೆ."

ಚೌಡ ಮೊದಲು ಒಂದು ಗೇಣು ತಪ್ಪುತ್ತಿದ್ದ. ಆಮೇಲೆ ನಾಲ್ಕು ಬೆರಳು. ಹನ್ನೆರಡನೆಯ ಸಲ ಒಂದೇ ಬೆರಳು.

ಅವತ್ತು ದ್ಯಾವಣ್ಣನಿಗೆ ಊಟ ಸೇರಲಿಲ್ಲ. ನೇರ ಗುರುಗಳ ಜಗಲಿಗೆ ಹೋದ. ಅವರ ತಲೆಯ ಮೇಲೆ ಗೂಟದಲ್ಲಿ ಬಿಲ್ಲು ತೂಗುತ್ತಿತ್ತು.

"ಅಯ್ಯಾ, ಇನ್ನು ಪಂದ್ಯ ಸಾಕು. ನನಗೆ ಜೋಡಿ ಯಾರಿದ್ದಾರೆ? ಬಿಲ್ಲು ಕೊಟ್ಟುಬಿಡಿ."

"ಚೌಡನಿಗೆ ಹೆದರಿದೆಯಾ?"

"ಅವನಿಗೆ ಯಾಕೆ ಹೆದರಲಿ?"

"ಹಾಗಾದರೆ ಇನ್ನೊಂದೇ ಆಟ. ಬೆಳಿಗ್ಗೆ ನಿನ್ನ ಜೋಡಿ ಬರುತ್ತಾನೆ. ಗೆದ್ದವನಿಗೆ ಬಿಲ್ಲು."

ಬೆಳಿಗ್ಗೆ ಹೊಳೆಯ ಮೇಲೆ ಮಂಜು ಕವಿದಿತ್ತು. ಬಾಳೆಕಂಬ ನೆರಳಿನಷ್ಟೇ ಕಾಣುತ್ತಿತ್ತು. ಗೆರೆಯ ಆ ತುದಿಯಲ್ಲಿ ಯಾರೋ ನಿಂತಿದ್ದ. ಮುಖ ತಿಳಿಯಲಿಲ್ಲ. ಕೈ ತಿಳಿಯಿತು. ಮೊಣಕೈವರೆಗೂ ಕಪ್ಪು.

"ಯಾವ ಊರಾಯ್ತಪ್ಪ?" ಅಂದ ದ್ಯಾವಣ್ಣ.

ದ್ಯಾವಣ್ಣ ಕೆಮ್ಮಿದಾಗ ಅವನೂ ಕೆಮ್ಮಿದ. ದ್ಯಾವಣ್ಣ ಹೆದೆ ಎಳೆದಾಗ ಅವನೂ ಎಳೆದ.

ಎರಡು ಬಾಣ ನಾಟಿದ ಸದ್ದು. ಜಗಲಿಯಲ್ಲಿ ಗುರುಗಳು ಕಿವಿಯಲ್ಲೇ ತೀರ್ಪು ಮಾಡಿದರು.

"ದ್ಯಾವಣ್ಣ, ಹೋಗಿ ಕಿತ್ತು ತಾ."

ಅವನು ಮೊದಲ ಸಲ ಗೆರೆ ದಾಟಿದ.

ಬೊಟ್ಟಿನಿಂದ ಅರ್ಧ ಬೆರಳು ಎಡಕ್ಕೆ ಒಂದು ಬಾಣ. ಬುಡದಲ್ಲಿ ಕೆಂಪು ದಾರ, ತನ್ನ ಗುರುತು.

ಬೊಟ್ಟಿನ ನಟ್ಟನಡುವೆ ಇನ್ನೊಂದು. ಅದರ ಬುಡದಲ್ಲೂ ಕೆಂಪು ದಾರ. ತಾನು ಹಲ್ಲಿನಲ್ಲಿ ಕಚ್ಚಿ ಬಿಗಿಯುವ ಅದೇ ಗಂಟು.

ಎರಡನ್ನೂ ಕಿತ್ತ. ರಸ ಮಣಿಕಟ್ಟಿಗೆ ಇಳಿಯಿತು. ತಿರುಗಿ ನೋಡಿದರೆ ಗೆರೆಯ ಹತ್ತಿರ ಯಾರೂ ಇಲ್ಲ. ಮರಳಿನಲ್ಲಿ ಒಬ್ಬನದೇ ಹೆಜ್ಜೆ. ಅದು ತನ್ನದೇ.

ಓಡಿ ಬಂದ. ಗೂಟ ಬರಿದಾಗಿತ್ತು.

"ಅಯ್ಯಾ, ಬಿಲ್ಲೆಲ್ಲಿ?"

"ಗೆದ್ದವನು ಒಯ್ದ."

"ಯಾರು ಅವನು?"

ಗುರುಗಳು ಅವನ ಕೈ ಹಿಡಿದು, ಅಂಗೈಯ ಅಂಟನ್ನು ಹೆಬ್ಬೆರಳಿನಿಂದ ತಡವಿದರು.

"ಹನ್ನೆರಡು ಸಲವೂ ಸೋತು, ಹನ್ನೆರಡು ಸಲವೂ ಗೆರೆ ದಾಟಿ ನೋಡಿ ಬಂದ ದ್ಯಾವಣ್ಣ."